ಫಕ್ಕೀರವ್ವನ ಕೈಯಳತೆಯ ಊಟ

ಫಕ್ಕೀರವ್ವನ ಬಗ್ಗೆ ಒಳ್ಳೆಯ ಮಾತಾಡಬೇಕೆಂದರೆ ನನಗೆ ಇವತ್ತಿಗೂ ಮನಸ್ಸಾಗುವುದಿಲ್ಲ. ಆದರೂ ಆಕೆಯ ಕಥೆಯನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ನನ್ನ ಮರ್ಯಾದೆ ಇನ್ನೂ ಕಳೆಯುತ್ತಾರೆ ಎಂಬ ಭಯವೂ ಇದೆ ಅನ್ನಿ.

ನಾನು ಸಿದ್ದವ್ವ. ಹಾನಗಲ್ಲಿನಲ್ಲಿ ನಮ್ಮವರದು, ಅಂದರೆ ಕರಬಸಪ್ಪನವರದು, ಬೀಜ ಗೊಬ್ಬರದ ಅಂಗಡಿ. ಅಂಗಡಿಯ ಹೆಸರು ನಮ್ಮ ಮಾವನವರ ಕಾಲದಿಂದ ಇದೆ, ನನ್ನ ಅಡುಗೆಯ ಹೆಸರು ನಾನೇ ಗಳಿಸಿದ್ದು. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಬಸುರಿಯ ಕುಬಸವಿದ್ದರೂ ಎಣ್ಣೆಗಾಯಿಗೆ ಮಸಾಲೆ ತುಂಬಲು ನನ್ನನ್ನೇ ಕರೆಯುತ್ತಾರೆ. ನನ್ನ ಮುಂದೆ ಉಣ್ಣಲು ಕುಳಿತವರು ಮೊದಲ ಸಲ ‘ಸಾಕು’ ಎಂದ ಕೂಡಲೇ ಎದ್ದು ಹೋದದ್ದಿಲ್ಲ. ಅರ್ಧ ರೊಟ್ಟಿ ಎಂದು ಹೇಳಿ ಇಡೀ ರೊಟ್ಟಿ ಹಾಕುವುದು, ಬೇಡವೆಂದು ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುವುದು, ಇದೆಲ್ಲ ನನ್ನ ತವರು ರಟ್ಟೀಹಳ್ಳಿಯಲ್ಲಿ ನಮ್ಮವ್ವ ಕಲಿಸಿದ ವಿದ್ಯೆ. ಹಾಗೆ ಬಡಿಸದಿದ್ದರೆ ಉಂಡವರಿಗೂ ಸಮಾಧಾನವಿಲ್ಲ, ಬಡಿಸಿದವರಿಗೂ ಇಲ್ಲ.

ಮೂರು ವರ್ಷದ ಹಿಂದೆ ನಮ್ಮವರಿಗೆ ಹೋರಿಯ ಹುಚ್ಚು ಹತ್ತಿತು. ದೀಪಾವಳಿ ಮುಗಿದ ಮೇಲೆ ನಮ್ಮ ಕಡೆ ಹೋರಿಗಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವೆ ಓಡಿಸುತ್ತಾರಲ್ಲ, ಯಾರ ಕೈಗೂ ಸಿಗದೆ ಹೋರಿ ಪಾರಾಗಿ ಹೋದರೆ ಮಾಲೀಕನ ಮೀಸೆ ವರ್ಷವಿಡೀ ಮೇಲೇ ಇರುತ್ತದೆ. ನಮ್ಮವರು ಶಿಗ್ಗಾಂವಿ ಕಡೆಯಿಂದ ಕೆಂಚ ಎಂಬ ಹೋರಿ ತಂದರು. ಅದರ ಹಿಂದೆಯೇ ಫಕ್ಕೀರವ್ವನನ್ನೂ ಕರೆತಂದರು.

ಆಕೆ ಹುಟ್ಟಿದ್ದು ಬಂಕಾಪುರದ ಹತ್ತಿರ. ಕೊಟ್ಟಿದ್ದು ಸವಣೂರಿನ ಕಡೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಗೋವಾಕ್ಕೆ ದುಡಿಯಲು ಹೋದವನು ತಿರುಗಿ ಬರಲಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಉಳಿದಿದ್ದು ಅವನ ಒಂದು ಹೋರಿ ಮಾತ್ರ. ಅದನ್ನು ಮಾರಿ ತವರಿಗೆ ಹೋಗು ಎಂದರು ಜನ. ಆಕೆ ಮಾರಲಿಲ್ಲ, ಮೇಯಿಸಿದಳು. ಆ ಹೋರಿ ಹಿರೇಕೆರೂರಿನ ಕಡೆಯ ಒಂದು ಬಯಲಿನಲ್ಲಿ ಯಾರಿಗೂ ಸಿಗದೆ ಓಡಿದ ಮೇಲೆ, ಯಾರ ಹೋರಿ ಸೋತರೂ ‘ಫಕ್ಕೀರವ್ವಗ ತೋರಿಸ್ರಿ’ ಎನ್ನುವಂತಾಯಿತು. ಮೂವತ್ತು ವರ್ಷ ಆ ಊರು ಈ ಊರು ಎಂದು ಬೇರೆಯವರ ಹೋರಿ ಮೇಯಿಸಿಕೊಂಡೇ ಬದುಕಿದಾಕೆ.

ಮೊದಲ ದಿನವೇ ನನಗೆ ಆಕೆ ಹಿಡಿಸಲಿಲ್ಲ. ನನಗಿಂತ ಎಂಟು ವರ್ಷ ದೊಡ್ಡವಳು, ಆದರೂ ಹಿಂಡಿಯ ಚೀಲವನ್ನು ಒಂದೇ ಏಟಿಗೆ ಸೊಂಟದ ಮೇಲೆ ಇಟ್ಟುಕೊಂಡು ಹೋದಳು. ನಾನು ಕಟ್ಟೆ ಹತ್ತಬೇಕಾದರೆ ಮೊಣಕಾಲು ಹಿಡಿದುಕೊಂಡು ಶಿವಾ ಶಿವಾ ಅನ್ನುತ್ತೇನೆ. ಉಣ್ಣಲು ಕರೆದು ಎರಡು ರೊಟ್ಟಿ ಹಾಕಿ ಮೂರನೆಯದು ಎತ್ತಿದೆ. ತಟ್ಟೆ ಸರಿಸಿ ಎದ್ದೇಬಿಟ್ಟಳು.

“ಸಾಕ್ರಿ ಅಕ್ಕಾರ. ಇನ್ನೊಂದ ಹಿಡಿಸ್ತೈತಿ ಅನ್ನೂದರಾಗ ಏಳಬೇಕ್ರಿ.”

ಅಯ್ಯ, ಹಾಕಲು ಎತ್ತಿದ ರೊಟ್ಟಿ ಬಿಟ್ಟು ಎದ್ದಳಲ್ಲ ಎಂದು ನನ್ನ ಮೈ ಉರಿದುಹೋಯಿತು.

ಈಗ ನನ್ನ ಮಗಳ ಮಾತು. ಶೈಲಶ್ರೀ ನನಗೆ ಒಬ್ಬಳೇ. ಹತ್ತೊಂಬತ್ತು ವರ್ಷ, ಕಾಲೇಜಿನಲ್ಲಿ ಬಿ.ಎ., ಸಂಜೆ ಗೌಸಸಾಬ ಉಸ್ತಾದರ ಗರಡಿಯಲ್ಲಿ ಕುಸ್ತಿ. ಹೆಣ್ಣಿಗೆ ಕುಸ್ತಿ ಯಾಕೆ ಎಂದು ನಾದಿನಿ ಮೂಗು ಮುರಿದಾಗ ಆಕೆಯ ಬಾಯಿ ಮುಚ್ಚಿಸಿದ್ದು ನಾನೇ, ಇದನ್ನು ಯಾರೂ ಮರೆಯಬಾರದು. ಎರಡು ವರ್ಷದ ಹಿಂದೆ ಹಾವೇರಿಯಲ್ಲಿ ಜಿಲ್ಲೆಯ ತಂಡದ ಆಯ್ಕೆಗೆ ಐವತ್ತೈದು ಕಿಲೋದ ಗುಂಪಿನಲ್ಲಿ ಇಳಿದಳು. ಇವಳ ತೂಕ ಐವತ್ತೆರಡು. ಎದುರಿನ ಹುಡುಗಿ ಇವಳನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಒಗೆದಳು. ಉಸ್ತಾದರು ಮನೆಗೆ ಬಂದು, “ಸಿದ್ದಕ್ಕಾ, ಹುಡುಗಿ ಮೈಯಾಗ ತಾಕತ್ತ ತುಂಬ್ರಿ. ಆದ್ರ ಐವತ್ತೈದು ದಾಟಬಾರದು ನೋಡ್ರಿ ಮತ್ತ” ಎಂದರು.

ನಾನು ಮೊದಲ ಅರ್ಧ ಮಾತು ಮಾತ್ರ ಕಿವಿಗೆ ಹಾಕಿಕೊಂಡೆ. ಅಂಟಿನುಂಡಿ ಕಟ್ಟಿದೆ, ರಾತ್ರಿ ಮಲಗುವಾಗ ಬಾದಾಮಿ ಹಾಲು ಕುಡಿಸಿದೆ, ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದೆ. ನಾಲ್ಕು ತಿಂಗಳಿಗೆ ಮಗಳ ಗಲ್ಲ ತುಂಬಿಕೊಂಡಿತು. ನನಗೆ ಎಷ್ಟು ಸಂತೋಷ! ಅಂಗಡಿಯಲ್ಲಿ ಬೀಜದ ಚೀಲ ತೂಗುವ ಕಾಟಾದ ಮೇಲೆ ನಿಂತಳು, ಐವತ್ತೆಂಟು. ಗರಡಿಯಲ್ಲಿ ಎರಡು ಸುತ್ತು ಓಡಿದರೆ ಏದುಸಿರು. ಮುಂದಿನ ವರ್ಷದ ಆಯ್ಕೆಗೆ ಹೋಗುವುದೇ ಆಗಲಿಲ್ಲ. “ತೂಕ ಬಂತ್ರಿ, ತಾಕತ್ತ ಬರಲಿಲ್ಲ” ಎಂದರು ಉಸ್ತಾದರು. ಮಗಳು ಆ ದಿನ ನನ್ನ ಮುಖ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನಮ್ಮ ಹಿತ್ತಲಿನ ದನದ ಮನೆಗೆ ಹೋಗಿ ನಿಂತಳು. ಫಕ್ಕೀರವ್ವ ಕೆಂಚನ ಪಕ್ಕೆಲುಬಿನ ಮೇಲೆ ಅಂಗೈ ಎಳೆಯುತ್ತಿದ್ದಳು. ನಾನು ಬಚ್ಚಲ ಕಿಟಕಿಯಿಂದ ಎಲ್ಲ ಕೇಳಿಸಿಕೊಂಡೆ.

“ದೊಡ್ಡವ್ವಾ, ಹಿಂಗ ಕೈ ಯಾಕ ಎಳೀತಿ?”

“ಎಲುವು ಕಣ್ಣಿಗೆ ಕಾಣಬಾರದವ್ವಾ, ಕೈಗೆ ಸಿಗಬೇಕು. ಕಣ್ಣಿಗೆ ಕಂಡ್ರ ಮೇವು ಕಡಿಮಿ. ಕೈಗೂ ಸಿಗಲಿಲ್ಲಂದ್ರ ಕೊಬ್ಬು. ಹೊಟ್ಟಿ ಬಂದ ಹೋರಿ ಓಡಂಗಿಲ್ಲ.”

“ಕೆಂಚಗ ಮಾಡಿದಂಗ ನನಗೂ ಮಾಡು.”

ದೊಡ್ಡವ್ವ! ನನ್ನ ಅಕ್ಕ ರಟ್ಟೀಹಳ್ಳಿಯಲ್ಲಿದ್ದಾಳೆ, ಆಕೆಯನ್ನೂ ಇಷ್ಟು ಪ್ರೀತಿಯಿಂದ ಹಾಗೆ ಕರೆದವಳಲ್ಲ ಇವಳು. ಫಕ್ಕೀರವ್ವ ನಕ್ಕು ಅವಳ ಬೆನ್ನ ಮೇಲೂ ಹಾಗೇ ಅಂಗೈ ಎಳೆದಳು. ನನಗೆ ತಡೆಯಲಾಗಲಿಲ್ಲ. “ನನ್ನ ಮಗಳೇನು ಹೋರೀನ? ಹುರಳಿ, ಹಿಂಡಿ ಹಾಕಿ ಮೇಯಿಸಾಕ?” ಎಂದು ಕಿಟಕಿಯಿಂದಲೇ ಕೂಗಿದೆ. ಇಬ್ಬರೂ ಕೇಳಿಸಿಕೊಂಡು ಕೆಂಚನ ಮೈ ತಿಕ್ಕತೊಡಗಿದರು.

ಅವತ್ತಿನಿಂದ ಅಡುಗೆ ನನ್ನದು, ಅಳತೆ ಆಕೆಯದು ಎಂದಾಯಿತು. ದಿನಾ ಬೆಳಿಗ್ಗೆ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಮುಷ್ಟಿಯಲ್ಲಿ ಕಾಳು ಅಳೆದು ಕೊಡುವಳು. ಬೆಳಿಗ್ಗೆ ಮೊಳಕೆಯೊಡೆದ ಹೆಸರು ಒಂದು ಮುಷ್ಟಿ, ಅದರ ಜೊತೆ ಮೊಸರು, ಕೆನೆ ತೆಗೆದದ್ದು. ಮಧ್ಯಾಹ್ನ ಎರಡು ರೊಟ್ಟಿ, ರೊಟ್ಟಿಗಿಂತ ಜಾಸ್ತಿ ಕಾಳಿನ ಪಲ್ಲೆ, ಜೊತೆಗೆ ಹಸಿ ಮೆಂತ್ಯ, ಸೌತೆಕಾಯಿ. ಗರಡಿಯಿಂದ ಬಂದ ಮೇಲೆ ಬೇಯಿಸಿದ ಹುರಳಿ, ಒಂದು ಲೋಟ ಹಾಲು. ಉಸ್ತಾದರು ಕೋಳಿ ತತ್ತಿ ತಿನ್ನಲಿ ಎಂದಾಗ ಆಕೆಯೇ, “ಮನಿ ಪದ್ಧತಿ ಬಿಡೂದು ಬ್ಯಾಡ್ರಿ, ಕಾಳಿನಾಗ ಆಗ್ತೈತಿ” ಎಂದಳು. ಬೇಸಿಗೆಯಲ್ಲಿ ಮೈ ಇಳಿಸಿದಳು. ಮಳೆಗಾಲ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಮುಷ್ಟಿಯಂತೆ ಕಾಳು ಏರಿಸಿದಳು.

“ಒಮ್ಮೆಲೇ ಹಾಕಿದ್ರ ಹೊಟ್ಟಿಗೆ ಹೋಗ್ತೈತವ್ವಾ. ದುಡಿಸಿ ಹಾಕಬೇಕು, ಹಾಕಿ ಕಾಯಬೇಕು. ಭುಜಕ್ಕ ಹೋಗಾಕ ಅದಕ್ಕೂ ದಿನ ಬೇಕಲ್ಲ.”

ಸುಳ್ಳು ಯಾಕೆ ಹೇಳಲಿ, ಮಗಳ ಮೈ ಹೇಗೆ ತಿರುಗಿತು ಎಂದರೆ ನಾನೇ ಕದ್ದು ಕದ್ದು ನೋಡುತ್ತಿದ್ದೆ. ಭುಜ ದುಂಡಗಾದವು, ಸೊಂಟ ಒಳಗೆ ಸರಿಯಿತು. ನೀರು ತುಂಬಿದ ಕೊಡಪಾನ ಎರಡೂ ಕೈಗೆ ಒಂದೊಂದು ಹಿಡಿದು ನಗುತ್ತಾ ಮೆಟ್ಟಿಲು ಹತ್ತುವಳು. ಡಿಸೆಂಬರಿಗೆ ಕಾಟಾದ ಮೇಲೆ ಐವತ್ನಾಲ್ಕು ಚಿಲ್ಲರೆ ಬಂದು ನಿಂತಿತು. ಹಿಡಿದರೆ ಎಲ್ಲೂ ಮೆತ್ತಗಿಲ್ಲ. ಉಸ್ತಾದರು ಕುಣಿದುಬಿಟ್ಟರು. ಅಂಗಡಿಗೆ ಬಂದವರೆಲ್ಲ ನಮ್ಮವರಿಗೆ, “ಏನ್ರೀ ಸಾವಕಾರ್ರ, ಫಕ್ಕೀರವ್ವ ಮಗಳನ್ನ ಬರೋಬ್ಬರಿ ತಯಾರ ಮಾಡ್ಯಾಳಲ್ರಿ” ಎನ್ನುವರು. ಮುಂಜಾನೆ ಐದಕ್ಕೆ ಎದ್ದು ಒಲೆ ಹಚ್ಚಿದವಳು ಸಿದ್ದವ್ವ, ಹೊಗಳಿಸಿಕೊಂಡವಳು ಫಕ್ಕೀರವ್ವ!

ಅಷ್ಟೂ ನುಂಗಿಕೊಂಡಿದ್ದೆ. ಎಳ್ಳ ಅಮಾವಾಸ್ಯೆಯ ದಿನ ಮಾತ್ರ ನುಂಗಲಾಗಲಿಲ್ಲ.

ಹೊಲಕ್ಕೆ ಚರಗ ಚೆಲ್ಲಲು, ಭೂತಾಯಿಗೆ ಎಡೆ ಕೊಡಲು ಹೋಗಿದ್ದೆವು. ನಾದಿನಿ ಬಂದಿದ್ದಳು, ಅಕ್ಕಪಕ್ಕದ ಹೊಲದವರೂ ಇದ್ದರು. ಎಲ್ಲರಿಗೂ ಬಡಿಸಿ ಮಗಳ ತಟ್ಟೆಗೆ ಶೇಂಗಾ ಹೋಳಿಗೆ ಹಾಕಲು ಹೋದೆ.

“ಬ್ಯಾಡವ್ವಾ, ಇನ್ನ ಇಪ್ಪತ್ತ ದಿನಕ್ಕ ಆಯ್ಕೆ ಐತಿ” ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ನಾನು ಬಾಯಿ ತುಂಬ ಕೇಳಿಕೊಂಡೆ, ಹಬ್ಬ ಐತಿ, ಒಂದೇ ಒಂದು ಎಂದೆ. ಉಹುಂ. ನಾದಿನಿ ತುಟಿ ಓರೆ ಮಾಡಿ ನಕ್ಕಳು.

ಆಗ ಫಕ್ಕೀರವ್ವ ತನ್ನ ತಟ್ಟೆಯ ಹೋಳಿಗೆಯನ್ನು ಮುರಿದಳು. “ಹಬ್ಬದ ದಿನ ಅರ್ಧ ತಿಂದ್ರ ಏನೂ ಆಗಂಗಿಲ್ಲವ್ವಾ, ತಿನ್ನು. ಅವ್ವ ಮಾಡಿದ್ದೈತಿ” ಎಂದು ಕೊಟ್ಟಳು.

ನನ್ನ ಮಗಳು ತಿಂದಳು. ನಾನೇ ಕಣಕ ನಾದಿ, ನಾನೇ ಹೂರಣ ತುಂಬಿ, ನಾನೇ ಬೇಯಿಸಿದ ಹೋಳಿಗೆ. ನನ್ನ ಕೈಯಿಂದ ಬೇಡವಾಗಿದ್ದು ಆಕೆಯ ಕೈಯಿಂದ ಬೇಕಾಯಿತು. ಎಲ್ಲರ ಎದುರಿಗೆ! ಆಗ ಆಗಿದ್ದನ್ನು ಹೊಟ್ಟೆಕಿಚ್ಚು ಅನ್ನಿ, ಏನಾದರೂ ಅನ್ನಿ. ಒಮ್ಮೆ, ಒಂದೇ ಒಂದು ಸಲ ಆಕೆಯ ಅಳತೆ ತಪ್ಪಲಿ, ನನ್ನ ಮಗಳು ತಿರುಗಿ ನನ್ನ ಕಡೆ ನೋಡಲಿ ಎಂದು ಅಲ್ಲೇ ಬದುವಿನ ಮೇಲೆ ಕುಳಿತು ನಿಶ್ಚಯ ಮಾಡಿದೆ.

ಮರುದಿನದಿಂದ ಶುರು. ಹುರಳಿ ಬೇಯಿಸಿ ಒಗ್ಗರಣೆ ಹಾಕುವಾಗ ಎರಡು ಚಮಚ ತುಪ್ಪ. ತೆಗೆದಿಟ್ಟ ಕೆನೆಯನ್ನೇ ಮತ್ತೆ ಮೊಸರಿಗೆ ಹಾಕಿ ಕಡಗೋಲಿನಿಂದ ಕಲಸಿದೆ. ಪಲ್ಲೆಗೆ ಶೇಂಗಾದ ಪುಡಿ ಒಂದು ಹಿಡಿ. ರುಚಿ ಬಂದಿದ್ದಕ್ಕೆ ಮಗಳು, “ಅವ್ವಾ, ಇವತ್ತ ಹುರಳಿ ಭಾಳ ಚಲೋ ಆಗೇತಿ” ಎಂದಳು. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ಇನ್ನು ನನ್ನ ಕೈ ನಿಲ್ಲುವುದುಂಟೇ?

ವಾರಕ್ಕೆ ಕಾಟಾ ಏರಿತು. ಫಕ್ಕೀರವ್ವ ಮಗಳ ಬೆನ್ನ ಮೇಲೆ ಕೈ ಎಳೆದು ಹುಬ್ಬು ಗಂಟು ಹಾಕಿದಳು. ರೊಟ್ಟಿ ಒಂದೂವರೆಗೆ ಇಳಿಸಿದಳು, ಕಾಟಾ ಇಳಿಯಲಿಲ್ಲ. ಅಂಗಡಿಯ ಕಾಟಾದಲ್ಲಿ ಐವತ್ತೈದು ತೋರಿಸಿದ ದಿನ ಆಕೆ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಮಗಳು ಗರಡಿಯಲ್ಲಿದ್ದಳು.

“ಅಕ್ಕಾರ, ಯಾರರ ಕಾಣದಂಗ ಮೇವು ಹಾಕಿದ್ರ ಹೋರಿ ಬೆನ್ನ ಹೇಳ್ತೈತ್ರಿ.”

ನನ್ನ ಕಳ್ಳತನ ಸಿಕ್ಕಿತು ಎಂದು ಗೊತ್ತಾಯಿತು. ಆದರೆ ಬಾಯಿ ಸುಮ್ಮನಿದ್ದೀತೇ? “ಏನ ಅನ್ನಾಕತ್ತಿ ನೀ? ನನ್ನ ಮಗಳಿಗೆ ನಾನ ವಿಷ ಹಾಕ್ತೇನೇನು? ಹಡದಾಕಿ ನಾನು. ಹಡದವರ ಸಂಕಟ ನಿನಗೇನ ಗೊತ್ತು?”

ಆಡಿದ ಮೇಲೆ ನನಗೇ ಕೆಟ್ಟದೆನಿಸಿತು. ಆಕೆ ಹೊಸ್ತಿಲಿನಿಂದ ಹಿಂದೆ ಸರಿದಳು. “ಹೌದ್ರಿ, ನನಗ ಗೊತ್ತಿಲ್ಲ. ಹೋರಿ ಮಾತ ಹೇಳಿದೆ ಅಷ್ಟ ಬಿಡ್ರಿ” ಎಂದು ಹಿತ್ತಲಿಗೆ ಹೋದಳು. ಅವತ್ತೇ ನಿಲ್ಲಿಸಬಹುದಾಗಿತ್ತು. ನಿಲ್ಲಿಸಿದರೆ ಆಕೆ ಹೇಳಿದ್ದು ಖರೆ ಎಂದು ನಾನೇ ಒಪ್ಪಿಕೊಂಡ ಹಾಗೆ ಆಗುತ್ತಿತ್ತಲ್ಲ. ಸಂಜೆ ಹುರಳಿಗೆ ಮತ್ತೆ ಎರಡು ಚಮಚ ಹಾಕಿದೆ.

ಆಯ್ಕೆಯ ದಿನ ಬೆಳಗಿನ ಬಸ್ಸಿಗೆ ನಾನು, ಮಗಳು, ಫಕ್ಕೀರವ್ವ, ಉಸ್ತಾದರು ಹಾವೇರಿಗೆ ಹೋದೆವು. ಫಕ್ಕೀರವ್ವ ಬರುವುದು ಬೇಡ ಎಂದು ನಾನು ಎಷ್ಟು ಹೇಳಿದರೂ ಮಗಳು ಕೇಳಲಿಲ್ಲ. ಅಲ್ಲಿ ತೂಕದ ಯಂತ್ರ ಐವತ್ತೈದು ಕಿಲೋ ಮುನ್ನೂರೈವತ್ತು ಗ್ರಾಂ ಎಂದು ತೋರಿಸಿತು. ಒಂದು ತಾಸಿನೊಳಗೆ ಇಳಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಮನೆಗೆ ಹೋಗಬೇಕು ಎಂದರು.

ಆ ಒಂದು ತಾಸು ನಾನು ಏನು ನೋಡಿದೆ ಎಂದು ಹೇಗೆ ಹೇಳಲಿ? ಎರಡು ಸ್ವೆಟರ್ ಹಾಕಿಕೊಂಡು ನನ್ನ ಮಗಳು ಮೈದಾನ ಸುತ್ತಿದಳು. ಒಂದು ಗುಟುಕು ನೀರಿಲ್ಲ. ಬೆವರು ಬರದಾದಾಗ ಅಷ್ಟಾದರೂ ತೂಕ ಇಳಿಯಲಿ ಎಂದು ಉಗುಳು ಉಗುಳಿದಳು. ಫಕ್ಕೀರವ್ವ ಸೀರೆಯ ನೆರಿಗೆ ಸೊಂಟಕ್ಕೆ ಸಿಗಿಸಿ ಪಕ್ಕದಲ್ಲೇ ಓಡಿದಳು, “ಇನ್ನೊಂದ ಸುತ್ತ ನನ್ನವ್ವಾ, ಇನ್ನೊಂದ” ಎನ್ನುತ್ತಾ. ನಾನು ಬೇವಿನ ಮರದ ಕೆಳಗೆ ಮೊಣಕಾಲು ಹಿಡಿದು ಕುಳಿತಿದ್ದೆ. ಆ ಹೊತ್ತಿನಲ್ಲೂ ನನಗೆ ಅನಿಸಿದ್ದೇನು ಗೊತ್ತೇ? ನಾನು ಹೀಗೆ ಪಕ್ಕದಲ್ಲಿ ಓಡಲಾರೆನಲ್ಲ, ಆಕೆ ಓಡುತ್ತಾಳಲ್ಲ ಎಂದು!

ತೂಕ ಇಳಿಯಿತು. ಮೊದಲ ಕುಸ್ತಿ ಗೆದ್ದಳು, ಅದೂ ಎದುರಿನವಳನ್ನು ಎತ್ತಿ ಒಗೆದು. ಎರಡನೆಯದರಲ್ಲೂ ಮಗಳೇ ಮುಂದಿದ್ದಳು, ಒಮ್ಮೆಲೇ ಕಾಲಿನ ಮೀನಖಂಡ ಸೆಟೆದು ಅದನ್ನು ಹಿಡಿದು ಕುಳಿತುಬಿಟ್ಟಳು. ಮೈಯಲ್ಲಿ ನೀರಿದ್ದರಲ್ಲವೇ ಕಾಲು ಮಾತು ಕೇಳುವುದು? ಎರಡು ವರ್ಷದ ದುಡಿಮೆ ಅಲ್ಲಿಗೆ ಮುಗಿಯಿತು.

ಹೊರಗೆ ಬಂದವಳು ನೇರ ಫಕ್ಕೀರವ್ವನ ಮೇಲೆ ಎರಗಿದಳು. ಬೇರೆ ತಾಲೂಕಿನ ಹುಡುಗಿಯರು, ಅವರ ಉಸ್ತಾದರು ಎಲ್ಲ ನಿಂತು ನೋಡುತ್ತಿದ್ದರು.

“ನಿನ್ನ ಅಳತಿ ನಂಬಿ ಕೆಟ್ಟೆ ನಾನು! ಹೋರಿ ಮೇಸೂ ಹೆಂಗಸಿನ ಮಾತ ಕೇಳಿದ್ದ ತಪ್ಪಾತು. ನಮ್ಮವ್ವ ಅಂದಿದ್ದ ಖರೆ ಐತಿ.”

ನಾನು ಇಪ್ಪತ್ತು ದಿನ ಕಾದಿದ್ದ ಮಾತು ಅದೇ. ಅಕ್ಷರಕ್ಕೆ ಅಕ್ಷರ ಅದೇ.

ಫಕ್ಕೀರವ್ವ ನನ್ನ ಕಡೆ ಒಮ್ಮೆ ನೋಡಿದಳು. ಸಿಟ್ಟಿನ ನೋಟವಲ್ಲ ಅದು. ಆಮೇಲೆ ತಲೆ ತಗ್ಗಿಸಿ, “ಹೌದವ್ವಾ, ನನ್ನ ಅಳತಿ ತಪ್ಪಿತು. ಅವ್ವನ ಮಾತ ಕೇಳಬೇಕಿತ್ತು ನೀ” ಎಂದಳು. ಮೂವತ್ತು ವರ್ಷ ನಾಲ್ಕು ತಾಲೂಕಿನಲ್ಲಿ ಆಕೆ ಗಳಿಸಿದ್ದು ಆ ಅಳತೆಯ ಹೆಸರೊಂದೇ. ಅದನ್ನು ನನ್ನ ಮಗಳ ಪಾಲಿಗೆ ಅವ್ವ ಒಳ್ಳೆಯವಳಾಗಿ ಉಳಿಯಲಿ ಎಂದು ಅಷ್ಟು ಜನರ ಎದುರಿಗೆ ಬಿಟ್ಟುಕೊಟ್ಟಳು.

ನಾನು ಒಳ್ಳೆಯವಳು, ಅದಕ್ಕೇ ಬಾಯಿ ಬಿಟ್ಟೆ ಎಂದುಕೊಳ್ಳಬೇಡಿ. ನನಗೆ ಮೈಯೆಲ್ಲ ಉರಿ ಎದ್ದಿತು. ಮಗಳ ಭುಜ ಆಕೆಯದು, ಮಗಳ ಬೆನ್ನು ಆಕೆಯದು, ಊರಿನವರ ಹೊಗಳಿಕೆ ಆಕೆಯದು. ಈಗ ನಾನು ಮಾಡಿದ ತಪ್ಪನ್ನೂ ತಾನೇ ಹೊತ್ತು ನನಗಿಂತ ದೊಡ್ಡವಳಾಗಿ ನಿಂತಳಲ್ಲ! ಅದೊಂದನ್ನಾದರೂ ಆಕೆಗೆ ಕೊಡಬಾರದು ಅನಿಸಿತು.

“ಆಕೀದೇನೂ ತಪ್ಪಿಲ್ಲ” ಎಂದು ಕಿರುಚಿದೆ. “ನಾನು ಹಾಕೇನಿ ತುಪ್ಪ. ಹುರಳಿಯಾಗ ಹಾಕೇನಿ, ಮೊಸರಿಗೆ ಕೆನಿ ಕಲಸೇನಿ. ಆಕೀಗೆ ಗೊತ್ತೈತಿ. ಗೊತ್ತಿದ್ದೂ ಸುಳ್ಳ ಹೇಳಾಕತ್ತಾಳ.”

ಮಗಳು ನನ್ನನ್ನು ನೋಡಿದಳು. “ಯಾಕವ್ವಾ?” ಎಂದಳು. ಅಷ್ಟೇ. ನಾನು ಅವಳ ಸ್ವೆಟರುಗಳನ್ನು ಮಡಚಿ ಚೀಲಕ್ಕೆ ತುಂಬತೊಡಗಿದೆ.

ಬಸ್ಸಿನಲ್ಲಿ ಮಗಳು ಉಸ್ತಾದರ ಪಕ್ಕ ಕುಳಿತಳು. ಮರುದಿನ ಬೆಳಿಗ್ಗೆ ಮಗಳು ದನದ ಮನೆಗೆ ಹೋಗಿ ಫಕ್ಕೀರವ್ವನ ಕಾಲು ಹಿಡಿದು ಅತ್ತದ್ದನ್ನು ನಮ್ಮವರು ಬಂದು ಹೇಳಿದರು. ಆದರೂ ಯುಗಾದಿಗೆ ಮೊದಲೇ ಫಕ್ಕೀರವ್ವ ಹೊರಟುಬಿಟ್ಟಳು. ಹಿರೇಕೆರೂರಿನ ಕಡೆ ಯಾರದೋ ಹೋರಿ ಬಡಕಲಾಗಿದೆಯಂತೆ, ಕರೆದಿದ್ದಾರಂತೆ. ಹೋಗುವಾಗ ಬಾಗಿಲಿಗೆ ಬಂದು, “ಬರ್ತೇನ್ರಿ ಅಕ್ಕಾರ” ಎಂದಳು. ನಾನು ಒಳಗಿನಿಂದಲೇ ಹೂಂ ಅಂದೆ. ಎದ್ದು ಹೋಗಿ ಒಂದು ಮಾತು ಕೇಳಲು, ಬುತ್ತಿ ಕಟ್ಟಿ ಕೊಡಲು ನನ್ನ ಕಾಲು ಏಳಲಿಲ್ಲ. ಅಡುಗೆಯ ಸಿದ್ದವ್ವನ ಮನೆಯಿಂದ ಬುತ್ತಿಯಿಲ್ಲದೆ ಹೋದವಳು ಆಕೆ ಒಬ್ಬಳೇ.

ಮಗಳು ಮುಂದಿನ ಆಯ್ಕೆಗೆ ತಯಾರಾಗುತ್ತಿದ್ದಾಳೆ. ಅಳತೆ ಈಗ ಅವಳಿಗೇ ಗೊತ್ತು. ಅನುಮಾನ ಬಂದರೆ ಫಕ್ಕೀರವ್ವನಿಗೆ ಫೋನ್ ಮಾಡುತ್ತಾಳೆ, ಆದರೆ ಈಗ ಆಕೆಯ ಕೈಯ ಊಟ ಇವಳಿಗಿಲ್ಲ. ನಾನು ಬಯಸಿದ್ದು ಅದೇ ಅಲ್ಲವೇ? ಬೆಳಿಗ್ಗೆ ನನಗಿಂತ ಮೊದಲು ಎದ್ದು ಒಲೆಯ ಮುಂದೆ ಕುಳಿತು ತನ್ನ ಎರಡು ರೊಟ್ಟಿ ತಾನೇ ಬಡಿದುಕೊಳ್ಳುತ್ತಾಳೆ. ಹುರಳಿ ತಾನೇ ಬೇಯಿಸುತ್ತಾಳೆ, ಬೇಯುವ ತನಕ ಅಲ್ಲಿಂದ ಏಳುವುದಿಲ್ಲ. ನಮಗಿಬ್ಬರಿಗೆ ಮಾತಿದೆ, ನಗುವೂ ಇದೆ. ನನ್ನ ಮೊಣಕಾಲಿಗೆ ಎಣ್ಣೆ ಕೂಡ ತಿಕ್ಕುತ್ತಾಳೆ.

ಮೊನ್ನೆ ಹಿಟ್ಟು ಒಡೆದು ರೊಟ್ಟಿಯ ಅಂಚು ಸೀಳುತ್ತಿತ್ತು. ನನಗೆ ನೋಡುತ್ತ ನಿಲ್ಲಲಾಗಲಿಲ್ಲ.

“ಕೊಡ ಇಲ್ಲೆ, ನಾ ಬಡೀತೇನಿ” ಎಂದು ಕೈ ಚಾಚಿದೆ.

“ಬ್ಯಾಡವ್ವಾ” ಎಂದಳು.

ಸಿಟ್ಟಿನಿಂದ ಅಂದಿದ್ದರೆ ನಾನೂ ಜಗಳ ತೆಗೆಯುತ್ತಿದ್ದೆ. ಅವಳು ಸಮಾಧಾನದಿಂದ ಅಂದಳು, ಅಂದು ಸೀಳಿದ ರೊಟ್ಟಿಯನ್ನು ಹಾಗೇ ಹಂಚಿಗೆ ಹಾಕಿದಳು.